ಮುರಿದ ಕಾಲಿಗೆ ಗರಡಿಮನೆ

ವಿಜಯಪುರ, ಕ್ರಿ.ಶ. ೨೧೯೪, ಹದಿಮೂರನೆಯ ತಿಂಗಳ ಐದು (ಈಗ ನಮ್ಮ ವರ್ಷಕ್ಕೆ ಹದಿಮೂರು ತಿಂಗಳು)

ಹಿಂದಿನ ಕಾಲದ ಹಿರಿಯರೇ,

ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣಗಳಿಂದ ಕಲಿತವಳು. ನನ್ನ ಹೆಸರು ಶಿವಲೀಲಾ ಹಲಗಣಿ. ಕೆಲಸ ಮದ್ದುಸವಾರಿ, ಅಂದರೆ ಔಷಧಿಯನ್ನು ಸೈಕಲ್ ಮೇಲೆ ಊರಿಂದೂರಿಗೆ ಒಯ್ಯುವುದು. ಈಗ ಇಲ್ಲಿ ಮೋಟಾರು ಗಾಡಿ ಅಪರೂಪ. ನಮ್ಮವು ನೆರಳುಹಾದಿಗಳು, ಸೌರಫಲಕಗಳ ಚಾವಣಿ ಹೊದ್ದ ರಸ್ತೆಗಳು. ಜೋಳದ ಚೀಲದಿಂದ ಮದುವೆ ದಿಬ್ಬಣದವರೆಗೆ ಎಲ್ಲವೂ ಅವುಗಳಡಿ ಪೆಡಲ್ ತುಳಿದೇ ಸಾಗುತ್ತದೆ.

ಹೋದ ವರ್ಷ ಒಂದು ಇಳಿಜಾರಿನಲ್ಲಿ ನಾಯಿ ಅಡ್ಡ ಬಂತು. ಬ್ರೇಕ್ ಹಿಡಿದೆ, ಬಿದ್ದೆ, ಎಡತೊಡೆಯ ಮೂಳೆ ಮುರಿಯಿತು. ಮೂಳೆಯೇನೋ ಕೂಡಿತು. ಸೈಕಲ್ ತುಳಿಯಬಹುದು, ಜೊತೆಗೆ ಭಾರ ಎತ್ತುವ ಕಸರತ್ತೂ ಬೇಕು ಎಂದರು ವೈದ್ಯರು. ನಾನು ಸೈಕಲ್ಲನ್ನಷ್ಟೇ ಹಿಡಿದೆ. ದಿನವೂ ತುಳಿದರೂ ಕಾಲು ಬಡಕಲಾಗಿಯೇ ಉಳಿಯಿತು. ಏರು ಬಂದರೆ ಬಲಗಾಲೊಂದೇ ದುಡಿಯುತ್ತಿತ್ತು. ಒಂದು ಸಂಜೆ ಮಂಡಿ ಊದಿಕೊಂಡಿತು. ಇನ್ನು ಸವಾರಿ ಮುಗಿಯಿತೆಂದು ಗೋಡೆಗೆ ಮುಖಮಾಡಿ ಅತ್ತೆ.

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಬಸಲಿಂಗವ್ವ ಗರಡಿಮನೆಯಲ್ಲಿ ಹೆಣ್ಣುಮಕ್ಕಳಿಗೆ ಕಲ್ಲು ಎತ್ತುವುದನ್ನು ಕಲಿಸುತ್ತಾರೆ. ವೈದ್ಯರೊಡನೆ ಮಾತಾಡಿ ಬಂದವರೇ ನನ್ನನ್ನು ಎಬ್ಬಿಸಿದರು.

“ನೀ ಬರೇ ಗಾಲಿ ತಿರವಾಕತ್ತಿ. ಕಾಲಿಗಿ ಕಸುವು ಎಲ್ಲಿಂದ ಬರಬೇಕು? ನಡಿ ಗರಡಿಗೆ.”

“ಮುರದ ಕಾಲಿನ ಮ್ಯಾಲೆ ಕಲ್ಲು ಹೊರಸ್ತೀರೇನ್ರಿ ವೈನಿ?”

“ಕಲ್ಲು ಆಮ್ಯಾಲ. ಮದಲ ಕೈ ಊರದಂಗ ಕುರ್ಚಿಯಿಂದ ಎದ್ದು ತೋರಸು.”

ಏಳಲಾಗಲಿಲ್ಲ. ಎಡಗಾಲು ಗಡಗಡ ನಡುಗಿತು. ನಾಚಿಕೆಯಾಯಿತು, ಆದರೂ ಅಂದೇ ಶುರುಮಾಡಿದೆ. ಒಂದು ದಿನ ಕೂತು ಏಳುವುದು, ಮೆಟ್ಟಿಲು ಹತ್ತುವುದು, ಬರಬರುತ್ತ ಮರಳಿನ ಚೀಲ ಎತ್ತುವುದು. ಮರುದಿನ ಸಮತಟ್ಟು ದಾರಿಯಲ್ಲಿ ಹಗುರ ಗೇರಿನಲ್ಲಿ ಸೈಕಲ್. ಆಮೇಲೆ ಬಿಡುವು. ಬಿಡುವಿನ ದಿನ ಕದ್ದು ಸೈಕಲ್ ಹತ್ತಹೋದರೆ ವೈನಿ ಗಾಲಿಯ ಗಾಳಿಯನ್ನೇ ಬಿಟ್ಟುಬಿಡುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ತೊಡೆ ತುಂಬಿಕೊಂಡಿತು, ಮಂಡಿನೋವು ಇಳಿಯಿತು. ವೈದ್ಯರು ಪರೀಕ್ಷಿಸಿ ಕೆಲಸಕ್ಕೆ ಕಳಿಸಿದರು.

ನಿನ್ನೆ ಹಾವಿನ ವಿಷಕ್ಕೆ ಮದ್ದು ಹೊತ್ತು ಬಾಬಾನಗರಕ್ಕೆ ಹೋದೆ. ಎದುರುಗಾಳಿ ಜೋರಾಗಿತ್ತು. ಎರಡೂ ಕಾಲು ಸಮನಾಗಿ ದುಡಿದವು. ಹಾವು ಕಚ್ಚಿದ್ದ ದಾವಲಸಾಬ ಸಂಜೆಗೆ ಕಣ್ಣು ಬಿಟ್ಟು ಚಹಾ ಕೇಳಿದ. ಅವನ ತಾಯಿ ನನ್ನ ಮಂಡಿ ಮುಟ್ಟಿ, “ಈ ಕಾಲಿಗಿ ನೂರು ವರ್ಷ ಆಯುಷ್ಯ ಬರಲಿ, ಯವ್ವಾ” ಎಂದರು.

ನಿಮ್ಮಲ್ಲಿ ಯಾರಾದರೂ ಬಿದ್ದು ಕುಂಟುತ್ತಿದ್ದರೆ ಅವಸರ ಬೇಡ, ಆಸೆಯನ್ನೂ ಬಿಡಬೇಡಿ. ನಿಮ್ಮ ಮೈಯಿಂದ ಬಂದವರು ನಾವು. ಆ ಮೈಯನ್ನು ಜೋಪಾನವಾಗಿ ನೋಡಿಕೊಳ್ಳಿ.