ಒಳಗಿನಿಂದ ತೆಗೆಯಲಾಗದ ಗೇಟು

ಮುಂಬಯಿಯ ಉದ್ಯಾನಗಳ ಉಸ್ತುವಾರಿ ಹೊತ್ತ ಮಾನ್ಯರೇ,

ತಮ್ಮ ತೋಟ ಬಹಳ ಚೆಂದವಿದೆ. ಅದರೊಳಗೆ ನನ್ನನ್ನು ಕೂಡಿಹಾಕಿದ್ದಕ್ಕೆ ಈ ಪತ್ರ. ವಿಜಯಪುರದ ತಹಶೀಲ್ದಾರ ಕಚೇರಿ ಎದುರು ಕುಳಿತು ಜೀವಮಾನವಿಡೀ ಮಂದಿಯ ಪರವಾಗಿ ‘ದಯಮಾಡಿ ಪರಿಶೀಲಿಸಬೇಕು’ ಎಂದು ಅರ್ಜಿ ಬರೆದವನು ನಾನು. ನನಗಾಗಿ ಬರೆಯುತ್ತಿರುವುದು ಇದೇ ಮೊದಲು. ಇದರಲ್ಲಿ ‘ದಯಮಾಡಿ’ ಇರುವುದಿಲ್ಲ.

ಅಂದು ಪರೇಲಿನ ಒಂದು ಆಸ್ಪತ್ರೆಯಲ್ಲಿ ನನ್ನ ಮಗಳು ತಹಮೀನಾಗೆ ಆಪರೇಶನ್ ಇತ್ತು. ಸಂಜೆಗೆ ಎಂದಿದ್ದರು. ಅಳಿಯ ಸಹಿ ಹಾಕಿ ವಿಕ್ರೋಳಿಯ ಫ್ಯಾಕ್ಟರಿಗೆ ಹೋಗಿದ್ದ. ಮೊದಲ ಸಲ ಮುಂಬಯಿಗೆ ಬಂದ ಅಪ್ಪ ಫಿನಾಯಿಲ್ ವಾಸನೆಯಲ್ಲೇ ಕೂತಿರುವುದು ಬೇಡವೆಂದು ಮಗಳು ನನ್ನನ್ನು ಊರು ನೋಡಲು ಅಟ್ಟಿದಳು. ಹಳೆಯ ಚಾಳುಗಳ ಗಲ್ಲಿ ಸುತ್ತಿದೆ, ಕೇರಂ ಆಡುವ ಮುದುಕರ ಪಕ್ಕ ನಿಂತೆ, ಕೊನೆಗೆ ತಮ್ಮ ತೋಟ ಹೊಕ್ಕೆ. ನೆರಳಿತ್ತು, ನಲ್ಲಿಯಲ್ಲಿ ನೀರೂ ಇತ್ತು. ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡು, ಮರದ ಹಿಂದೆ ಟವೆಲ್ ಹಾಸಿ ಮಧ್ಯಾಹ್ನದ ನಮಾಜಿಗೆ ನಿಂತೆ.

ಎಲ್ಲೋ ಸೀಟಿ ಕೇಳಿಸಿತು. ನಮಾಜಿಗೆ ನಿಂತವನು ತಿರುಗಿ ನೋಡುವಂತಿಲ್ಲ, ಓಗೊಡುವಂತಿಲ್ಲ. ಮುಗಿದ ಮೇಲೂ ಮಗಳಿಗಾಗಿ ದುವಾ ಬೇಡುತ್ತ ಕೂತೇ ಇದ್ದೆ. ಎದ್ದು ಬಂದಾಗ ಗೇಟಿಗೆ ಬೀಗ! ತೋಟ ಮಧ್ಯಾಹ್ನ ಮುಚ್ಚುತ್ತದೆ ಎಂಬ ಫಲಕವೂ ಅಲ್ಲೇ, ಗೇಟಿನ ಪಕ್ಕ ಒಳಬದಿಗೆ ಇತ್ತು. ತೆರೆದ ಗೇಟು ಅದನ್ನು ಮರೆಮಾಡುತ್ತದೆ. ಗೇಟು ಮುಚ್ಚಿದ ಮೇಲೆ ಒಳಗೆ ಸಿಕ್ಕವನಿಗೆ ಮಾತ್ರ ಅದು ಕಾಣುತ್ತದೆ. ಇಂಥ ಏರ್ಪಾಡು ಯಾರ ತಲೆಗೆ ಹೊಳೆಯಿತು, ಮಾನ್ಯರೇ?

ಆಗಲೇ ಫೋನ್ ಬಂತು.

“ಅಬ್ಬಾ, ಎಲ್ಲಿದ್ದೀರಿ? ಈಗ್ಲೇ ಒಳಗ ಕರ್ಕೊಂಡು ಹೊಂಟಾರ. ಲಗೂನ ಬರ್ರಿ, ನಿಮ್ಮ ಮಾರಿ ನೋಡಿ ಹೋಗ್ತೀನಿ.”

ಬಂದೆ ಎಂದೆ. ಎಲ್ಲಿಂದ ಬರಲಿ? ಬೇಲಿಯ ಮೇಲೆ ಭರ್ಜಿಯಂಥ ಮೊನೆಗಳು. ಈ ಮೊಣಕಾಲುಗಳು ಬಸ್ಸಿನ ಮೆಟ್ಟಿಲಿಗೇ ಗೊಣಗುತ್ತವೆ. ಫಲಕದಲ್ಲಿದ್ದ ನಂಬರಿಗೆ ಫೋನ್ ಹಚ್ಚಿದರೆ, ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರು. ಸರಳು ಹಿಡಿದು ಕೂಗಿದೆ. ದಾರಿಹೋಕರು ಹುಚ್ಚನನ್ನು ನೋಡಿದಂತೆ ನೋಡಿ ನಡೆದರು. ನನ್ನ ಕನ್ನಡ ಬೈಗುಳ ಕೇಳಿ ನಿಂತವನು ಒಬ್ಬನೇ, ಎದುರಿನ ಹೋಟೆಲಿನಲ್ಲಿ ಕೆಲಸ ಮಾಡುವ ಉಡುಪಿ ಕಡೆಯ ಸೀನ.

“ವಾಚ್‌ಮನ್ ಊಟಕ್ಕೆ ಹೋದ ಮಾರಾಯ್ರೆ. ಕೀ ಅವನ ಕಿಸೆಯಲ್ಲೇ ಇರ್ತದೆ,” ಎಂದು ಹೇಳಿ ಹುಡುಕಲು ಓಡಿದ. ನನ್ನ ಫೋನ್ ಮತ್ತೆ ಮತ್ತೆ ಬಡಿದುಕೊಂಡಿತು. ಬೀಗದೊಳಗಿದ್ದೇನೆಂದು ಹೇಳಿ ಮಗಳನ್ನು ಹೆದರಿಸಲಾರದೆ ಎತ್ತಲಿಲ್ಲ, ಆಮೇಲೆ ಅದು ಸುಮ್ಮನಾಯಿತು. ಅದು ಬಡಿದುಕೊಳ್ಳುವಾಗಿನ ಸಂಕಟಕ್ಕಿಂತ ಸುಮ್ಮನಾದಾಗಿನದೇ ಹೆಚ್ಚು.

ಸೀನ ಕರೆತಂದ ವಾಚ್‌ಮನ್ ಬೀಗ ತೆಗೆಯುವ ಮೊದಲು ನನ್ನನ್ನೇ ಗದರಿಸಿದ. ಸೀಟಿ ಊದುವುದು ಅವನ ಕೆಲಸವಂತೆ, ಮರಗಳ ಹಿಂದೆ ನೋಡುವುದಲ್ಲವಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಹಾಗೆಂದು ಕಲಿಸಿದವರು ತಾವು. ಆಸ್ಪತ್ರೆ ಮುಟ್ಟಿದಾಗ ಮಂಚ ಖಾಲಿಯಿತ್ತು. ಆಯಾ ಒಂದು ಕರವಸ್ತ್ರದ ಗಂಟು ಕೊಟ್ಟಳು. ಅದರಲ್ಲಿ ಮಗಳ ಮೂಗುಬೊಟ್ಟು, ಬಳೆ. ಅಪ್ಪನ ಕೈಗೇ ಕೊಡುತ್ತೇನೆಂದು ಅವಳು ಲಿಫ್ಟಿನ ಬಾಗಿಲವರೆಗೂ ಮುಷ್ಟಿ ಬಿಚ್ಚಿರಲಿಲ್ಲವಂತೆ.

ಮಗಳು ಈಗ ಗುಣವಾಗಿದ್ದಾಳೆ. ಅದರಲ್ಲಿ ತಮ್ಮ ಉಪಕಾರವೇನೂ ಇಲ್ಲ. ನಾನು ಕೇಳುವುದು ಇಷ್ಟೇ: ಪ್ರತಿ ತೋಟಕ್ಕೂ ಒಳಗಿನಿಂದ ತೆಗೆಯಬಹುದಾದ ಒಂದು ಚಿಕ್ಕ ಬಾಗಿಲು, ಅದಕ್ಕೊಂದು ಚಿಲಕ. ತೋಟ ಹೇಗಿತ್ತು ಅಬ್ಬಾ ಎಂದು ಮಗಳು ಕೇಳಿದಳು. ಭಾಳ ಚೆಂದ ಐತಿ ಎಂದೆ. ಹಾಗಾದರೆ ತನಗೂ ತೋರಿಸಬೇಕಂತೆ. ಕರೆದುಕೊಂಡು ಬರುತ್ತೇನೆ. ತಾವು ಆ ಚಿಲಕ ಕೂಡಿಸುವತನಕ ಅವಳು ಒಳಗೆ ನೋಡಲಿ, ನಾನು ಗೇಟು ಹಿಡಿದು ಹೊರಗೇ ನಿಲ್ಲುತ್ತೇನೆ.

ಇಂತಿ,
ಊರು ನೋಡಲು ಬಂದು ತಮ್ಮ ಗೇಟನ್ನಷ್ಟೇ ಚೆನ್ನಾಗಿ ನೋಡಿದ
ಬಡೇಸಾಬ, ಅರ್ಜಿ ಬರಹಗಾರ, ವಿಜಯಪುರ