ಮೂರು ಕಣ್ಣಿನ ಗೂಬೆಯ ಅಂಚು

ಬೈಂಡಿಂಗ್ ಅಂಗಡಿಯ ಮಹಡಿಯಿಂದ,
ತಾ. ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಎಂಜಿನ್ ಕೋಣೆಯಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡುವವನು ಮಲಗುವಾಗಲಾದರೂ ನೆಟ್ಟಗೆ ಮಲಗಲಿ ಎಂದು ಅಮ್ಮ ಹೇಳಿಕಳಿಸಿದ್ದಾಳೆ. ಇಲ್ಲಿ ನಾವೆಲ್ಲ ಆರಾಮ. ಅಮ್ಮನ ಮಂಡಿನೋವು ಹೋಗುತ್ತದೆ, ಬರುತ್ತದೆ. ಅಪ್ಪನಿಗೆ ಹೊಸ ಕನ್ನಡಕ ಬಂದಿದೆ. ಅದನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುತ್ತಾರೆ. ಫೋನಿದ್ದೂ ಪತ್ರ ಯಾಕೆ ಎನ್ನಬೇಡ. ನಿನ್ನ ಫೋನು ಬಂದಾಗಲೆಲ್ಲ ಅಪ್ಪ ನನ್ನ ಪಕ್ಕದಲ್ಲೇ ನಿಂತು, ಧೂಳೇ ಇಲ್ಲದ ರಟ್ಟನ್ನು ಒರೆಸುತ್ತಿರುತ್ತಾರೆ. ನೀನು ಅಪ್ಪ ಹೇಗಿದ್ದಾರೆ ಎಂದು ನನ್ನನ್ನು ಕೇಳುತ್ತೀಯ, ಅವರು ಊಟ ಮಾಡಿದನಾ ಎಂದು ನನ್ನನ್ನು ಕೇಳುತ್ತಾರೆ. ಇಬ್ಬರ ನಡುವೆ ಮಾತು ಹೊತ್ತು ಹೊತ್ತು ನನಗೆ ಸಾಕಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಬಾಯಿ ಬಿಡಬೇಡ ಎಂದು ಅಪ್ಪ ತಾಕೀತು ಮಾಡಿದ್ದಾರೆ, ಆದರೆ ನನ್ನ ಹೊಟ್ಟೆಯಲ್ಲಿ ಯಾವ ಗುಟ್ಟು ತಾನೇ ನಿಂತಿದೆ? ಅಪ್ಪ ಕಾರ್ಡು ಕೊಳ್ಳುತ್ತಿದ್ದಾರೆ. ಇಸ್ಪೀಟು ಎಂದುಕೊಂಡು ಗಾಬರಿಯಾಗಬೇಡ. ನಮ್ಮ ಪ್ರಾಣಿ ಕಾರ್ಡುಗಳು. ಕಲ್ಲಿನ ಕರಡಿ, ರೆಕ್ಕೆಯ ಆಮೆ, ನಿನ್ನ ಮೂರು ಕಣ್ಣಿನ ಗೂಬೆ.

ಶಾಲೆಯ ಎದುರಿನ ಸ್ಟೇಷನರಿ ಅಂಗಡಿ ನೆನಪಿದೆಯೇ? ಪೆನ್ಸಿಲ್ ಡಬ್ಬಿಗಳ ಮೇಲೆ ಹಗ್ಗ ಕಟ್ಟಿ, ಕಾರ್ಡಿನ ಪೊಟ್ಟಣಗಳನ್ನು ಕ್ಲಿಪ್ಪು ಹಾಕಿ ತೂಗುಬಿಡುತ್ತಿದ್ದರು. ತಿಂಡಿಯ ಕಾಸು ಉಳಿಸಿ ನಾವಿಬ್ಬರೂ ಸೇರಿ ಒಂದು ಪೊಟ್ಟಣ ಕೊಳ್ಳುತ್ತಿದ್ದೆವು. ಹರಿಯುವ ಹಕ್ಕು ನಿನ್ನದು, ಮೂಸುವ ಹಕ್ಕು ನನ್ನದು. ಆ ಹಸಿ ಶಾಯಿಯ ವಾಸನೆ ಈಗಲೂ ಯಾವುದಾದರೂ ಹೊಸ ಪುಸ್ತಕ ಬೈಂಡಿಂಗಿಗೆ ಬಂದಾಗ ಸಿಗುತ್ತದೆ, ನಾನು ಕೆಲಸ ಬಿಟ್ಟು ಮೂಗು ಹಚ್ಚಿ ಕೂರುತ್ತೇನೆ. ಅಮೆರಿಕದಲ್ಲಿ ಅಚ್ಚಾದ ಹೊಳಪಿನ ಕಾರ್ಡುಗಳು ನಮ್ಮ ಕಡೆಗೆ ಬರುತ್ತಲೇ ಇರಲಿಲ್ಲ. ನಮ್ಮ ಪಾಲಿಗೆ ಬಂದದ್ದು ಬೇರೆಲ್ಲೋ ಅಚ್ಚಾದ ತೆಳು ರಟ್ಟಿನವು. ಬಣ್ಣ ಸ್ವಲ್ಪ ಮಂಕು, ಚಿತ್ರ ಒಂದು ಕಡೆಗೆ ವಾಲಿದ್ದು, ಹಿಂದುಗಡೆ ನಮ್ಮಲ್ಲಿ ಯಾರಿಗೂ ಓದಲು ಬಾರದ ಭಾಷೆ. ಹಾಗಾಗಿ ಆಟದ ನಿಯಮಗಳನ್ನೆಲ್ಲ ನೀನೇ ಕಟ್ಟಿದೆ. ನೀನು ಸೋಲುವ ಹೊತ್ತಿಗೆ ಸರಿಯಾಗಿ ಒಂದು ಹೊಸ ನಿಯಮ ಹುಟ್ಟುತ್ತಿತ್ತು. ಗೂಬೆಯನ್ನು ಯಾರೂ ಸೋಲಿಸುವಂತಿಲ್ಲ ಎಂದು ನೀನು ಹೇಳಿದ್ದನ್ನು ಇಡೀ ಬೀದಿಯೇ ನಂಬಿತ್ತು. ನಿನ್ನ ಹಿಂದೆ ಹಿಂದೆ ಡಬ್ಬಿ ಹೊತ್ತು ತಿರುಗುತ್ತಿದ್ದ ನನಗೆ ಬಾಲಂಗೋಚಿ ಎಂದು ಹೆಸರಿಟ್ಟವನೂ ನೀನೇ.

ಆಮೇಲೆ ಆ ಟೋಪಿಯವರು ಬಂದರು. ಅವರ ಮಾತೆತ್ತಿದರೆ ನಿನ್ನ ಮುಖ ಗಂಟಾಗುತ್ತದೆ, ಗೊತ್ತು. ಹಳೆಯ ಕಾರ್ಡು ಕೂಡಿಹಾಕುವ ಪರದೇಶದವರು. ಅಮೆರಿಕದ ಕಾರ್ಡುಗಳಾದರೆ ರಾಶಿ ರಾಶಿ ಸಿಗುತ್ತವೆ, ಈ ಮುದ್ರಣದ ಪೂರ್ತಿ ಸೆಟ್ಟು ಎಲ್ಲೂ ಕಂಡಿಲ್ಲ, ಸರಿಯಿದ್ದರೆ ನಮ್ಮ ಸಂಗ್ರಹಕಾರರ ಪತ್ರಿಕೆಯಲ್ಲಿ ನಿನ್ನ ಹೆಸರಿನ ಸಮೇತ ಅಚ್ಚು ಹಾಕಿಸುತ್ತೇನೆ ಎಂದಿದ್ದರು. ನೀನು ಕೂಡಿಸಿದ್ದ ಪೂರ್ತಿ ಸೆಟ್ಟನ್ನು ನೋಡಲು ಅವರು ಬರುವ ದಿನ ಬೆಳಗ್ಗೆ ನೀನು ಸ್ನಾನಕ್ಕೆ ಹೋದದ್ದೇ ತಡ, ಅಪ್ಪ ಡಬ್ಬಿಯನ್ನು ಕೆಳಗೆ ಒಯ್ದರು. ವಾಲಿದ ಅಂಚು ಕಂಡರೆ ಬೈಂಡರನ ಕೈ ಸುಮ್ಮನಿರುತ್ತದೆಯೇ? ಒಂದೊಂದು ಕಾರ್ಡನ್ನೂ ಕಟಿಂಗ್ ಮಷೀನಿಗೆ ಇಟ್ಟು, ನಾಲ್ಕೂ ಕಡೆ ಬಿಳಿ ಅಂಚು ಸಮನಾಗುವಂತೆ ಕತ್ತರಿಸಿದರು. ಹೊರಗೆ ಹೊರಟ ಮಗನ ತಲೆ ಬಾಚಿ ಕಳಿಸುವ ಹಾಗೆ ಅಷ್ಟು ಅಕ್ಕರೆಯಿಂದ ಮಾಡಿದ ಕೆಲಸ ಅದು. ಅವನ್ನಿಡಲು ಬಟ್ಟೆ ಹೊದಿಸಿದ ಒಂದು ಪೆಟ್ಟಿಗೆ ಬೇರೆ. ಟೋಪಿಯವರು ಒಂದು ಕಾರ್ಡು ತೆಗೆದರು, ಇನ್ನೊಂದು ತೆಗೆದರು, ಜೇಬಿನಿಂದ ಸ್ಕೇಲು ತೆಗೆದು ಅಳೆದರು. ಕತ್ತರಿಸಿದ ಕಾರ್ಡು ನಮಗೆ ಲೆಕ್ಕಕ್ಕಿಲ್ಲ ಎಂದು ಮೆಲ್ಲಗೆ ಹೇಳಿ, ಮುಚ್ಚಳ ಮುಚ್ಚಿ, ಟೀ ಕುಡಿದು ಹೊರಟರು. ನೀನು ಅಳಲಿಲ್ಲ, ಕೂಗಾಡಲಿಲ್ಲ. ಅಪ್ಪನ ಎದುರು ನಿಂತು, "ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದೆ, ಅಷ್ಟೇ. ಅವತ್ತಿನಿಂದ ನೀನು ಆ ಮಷೀನಿನ ಕೋಣೆಗೆ ಕಾಲಿಟ್ಟಿಲ್ಲ. ರಜೆಗೆ ಬಂದರೂ ಅಂಗಡಿಯ ಬಾಗಿಲಲ್ಲೇ ಮಾತಾಡಿಸಿ ಮೇಲೆ ಬಂದುಬಿಡುತ್ತೀಯ. ಅಪ್ಪ ಅಲ್ಲಿ ನಿನಗೆಂದು ಇಟ್ಟಿದ್ದ ಸ್ಟೂಲಿನ ಮೇಲೆ ಈಗ ಅಂಟಿನ ಡಬ್ಬಿ ಕೂತಿದೆ.

ಹೋದ ವರ್ಷ ಅಪ್ಪ ನನ್ನ ಬಳಿ ಬಂದು, ಆ ಕಾರ್ಡುಗಳು ಕತ್ತರಿಸದೆ ಇರುವಂಥವು ಫೋನಿನಲ್ಲಿ ಸಿಗುತ್ತವೆಯೇ ಎಂದು ಕೇಳಿದರು. ಅಂದಿನಿಂದ ನಾನು ಅವರ ಗುಮಾಸ್ತೆ. ಅಮೆರಿಕದ ಅಂಗಡಿಗಳನ್ನು ನೋಡಿದೆವು. ಅಲ್ಲಿರುವುದೆಲ್ಲ ಅವರದೇ ಮುದ್ರಣ, ಅದೂ ನಮ್ಮ ಕಡೆಗೆ ಕಳಿಸುವುದಿಲ್ಲ ಎಂಬ ಉತ್ತರ. ಕೊನೆಗೆ ಬೇರೆ ಬೇರೆ ದೇಶಗಳಲ್ಲಿ, ನಮ್ಮ ಹಾಗೆಯೇ ಆ ಮಂಕು ಕಾರ್ಡು ಆಡಿ ಬೆಳೆದವರನ್ನು ಹುಡುಕಿ ಹುಡುಕಿ ಒಂದೊಂದಾಗಿ ಕೊಂಡೆವು. ಅಪ್ಪನ ಬೇಡಿಕೆ ಕೇಳಬೇಕು ನೀನು: ನಾಲ್ಕು ಮೂಲೆಯ ಫೋಟೋ, ಪಕ್ಕದಲ್ಲಿ ಸ್ಕೇಲು ಇಟ್ಟು. ಇವರು ಯಾರೋ ಭಾರೀ ಪಂಡಿತರು ಎಂದು ಮಾರುವವರೆಲ್ಲ ಬೆಚ್ಚಿಬಿದ್ದರು. ಒಮ್ಮೆ ಒಬ್ಬ ನಕಲಿ ಕಾರ್ಡು ಕಳಿಸಿ ನಮಗೆ ಟೋಪಿ ಹಾಕಿದ. ನಾನು ಸಿಟ್ಟಿನಲ್ಲಿ ಕುದಿಯುತ್ತಿದ್ದರೆ ಅಪ್ಪ ಅದನ್ನು ಬೆಳಕಿಗೆ ಹಿಡಿದು, ಕಟಿಂಗ್ ಮಾತ್ರ ಎಷ್ಟು ಅಚ್ಚುಕಟ್ಟಾಗಿದೆ ನೋಡು ಎಂದರು! ಅದು ಈಗ ಅವರ ಡೈರಿಯಲ್ಲಿ ಪುಟದ ಗುರುತಾಗಿದೆ.

ಮಾರುವವರಲ್ಲಿ ಒಬ್ಬರು ನಿವೃತ್ತ ಟೀಚರಮ್ಮ. ಕಾರ್ಡಿನ ಹಿಂದಿರುವುದು ಅವರದೇ ಭಾಷೆಯಂತೆ. ಗೂಬೆಯ ಬೆನ್ನ ಮೇಲೆ ಏನಿದೆ ಎಂದು ಕೇಳಿದೆ. ಅದು ಆ ಆಟದಲ್ಲೇ ಎಲ್ಲಕ್ಕಿಂತ ಬಡಪಾಯಿ ಕಾರ್ಡಂತೆ ಅಣ್ಣಾ, ಆಮೆಗೂ ಸೋಲುತ್ತದಂತೆ. ಓದಿ ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಯಾಕೋ ಕಣ್ಣು ತುಂಬಿ ಬಂತು. ನಮ್ಮ ಬೀದಿಯಲ್ಲಿ ಅದು ಒಮ್ಮೆಯೂ ಸೋಲದ ಹಾಗೆ ನೋಡಿಕೊಂಡಿದ್ದೆಯಲ್ಲ ನೀನು.

ಇಷ್ಟು ವರ್ಷದ ಮೇಲೆ ಇದೆಲ್ಲ ಯಾಕೆ, ಅಣ್ಣ ಅದನ್ನು ಮರೆತಿರಬಹುದು ಎಂದು ಅಪ್ಪನಿಗೆ ಒಮ್ಮೆ ಹೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. "ಅವನು ಮರ್ತಿರಬಹುದು. ಅವನು ಕೇಳಿದ್ದಕ್ಕೆ ನಾನಿನ್ನೂ ಉತ್ರ ಕೊಟ್ಟಿಲ್ಲ" ಎಂದರು. ನಾನು ಫೋನು ತೆಗೆದು ಮುಂದಿನ ಕಾರ್ಡು ಹುಡುಕಲು ಕೂತೆ.

ಈ ಸಲ ರಜೆಗೆ ಬಂದಾಗ ಪೂರ್ತಿ ಸೆಟ್ಟನ್ನು ನಿನ್ನ ಕೈಗೆ ಕೊಡಬೇಕೆಂದು ಕಾಯುತ್ತಿದ್ದಾರೆ. ಗೂಬೆ ಒಂದು ಮಾತ್ರ ಬರಬೇಕು, ದಾರಿಯಲ್ಲಿದೆ. ನೀನು ಏನೂ ಗೊತ್ತಿಲ್ಲದವನ ಹಾಗೆ ಬಾ. ಆದರೆ ದಯವಿಟ್ಟು ಬಾಗಿಲಲ್ಲಿ ನಿಲ್ಲಬೇಡ, ಒಳಗೆ ಹೋಗು. ಅಂಟಿನ ಡಬ್ಬಿಯನ್ನು ನಾನು ಎತ್ತಿಟ್ಟಿರುತ್ತೇನೆ. ಅವರು ಕೊಡುವುದು ನಿನಗೆ ಬೇಡವಾಗಿದ್ದರೂ ತೆಗೆದುಕೋ. ಅಪ್ಪನ ಮುಖ ಬಾಡಿದರೆ ಈ ಮನೆಯಲ್ಲಿ ನೋಡಬೇಕಾದವಳು ನಾನು, ನನ್ನಿಂದ ಆಗುವುದಿಲ್ಲ.

ಅಮ್ಮನ ಆಶೀರ್ವಾದಗಳು. ಹೊತ್ತಿಗೆ ಸರಿಯಾಗಿ ಉಣ್ಣು, ನೆಟ್ಟಗೆ ಮಲಗು.

ಇಂತಿ ನಿನ್ನ
ಬಾಲಂಗೋಚಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದ್ದೇನೆ. ಇವತ್ತು ಸೋಮವಾರ, ಬೆಳಗಿನ ಅಂಚೆಯಲ್ಲಿ ಗೂಬೆ ಬಂತು. ಮೂಲೆಗಳು ಹೊಸದರ ಹಾಗಿವೆ, ಎಲ್ಲೂ ಕತ್ತರಿ ತಾಗಿಲ್ಲ. ಆದರೆ ಚಿತ್ರ ಎಡಕ್ಕೆ ಚೆನ್ನಾಗಿಯೇ ವಾಲಿದೆ. ಅಪ್ಪ ಬೆಳಗಿನಿಂದ ಕನ್ನಡಕ ಏರಿಸಿ ಇಳಿಸಿ ಅದನ್ನೇ ನೋಡುತ್ತಿದ್ದಾರೆ, ಊಟಕ್ಕೂ ಏಳಲಿಲ್ಲ. ಈಗ ಮೇಲೆ ಬಂದು ತಮ್ಮ ಗುಟ್ಟನ್ನು ತಾವೇ ಬಿಟ್ಟುಕೊಟ್ಟರು: "ಅಣ್ಣಂಗೆ ಬರೀತಿದ್ದೀಯಲ್ಲ, ಒಂದು ಮಾತು ಕೇಳು. ಬಲಗಡೆ ಒಂದೇ ಒಂದು ಕೂದಲಿನಷ್ಟು ತೆಗೀಲಾ ಅಂತ. ಬೇಡ ಅಂದ್ರೆ ಮುಟ್ಟಲ್ಲ." ಬೇಗ ಉತ್ತರ ಬರೆ ಅಣ್ಣಾ. ಅಪ್ಪ ಮತ್ತೆ ಕೆಳಗಿಳಿದು ಮಷೀನಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದಾರೆ.