ಮುಳ್ಳಿನ ಕೊಂಬೆಯ ಹಳದಿ ಹೂ

ತ್ಯಾಗರಾಜನಗರ, ಬೆಂಗಳೂರು
೨೨–೨–೧೯೬೧

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಜೈಸಲ್ಮೇರಿನ ಧೂಳಿಗೆ ಮೂಗಿಗೊಂದು ಬಟ್ಟೆಯನ್ನಾದರೂ ಕಟ್ಟಿಕೊಳ್ಳುತ್ತೀಯಾ? ಅಮ್ಮನ ಮಂಡಿನೋವು ಹಾಗೇ ಇದೆ. ಸರ್ವೆ ಕ್ಯಾಂಪಿನಲ್ಲಿ ನಿನಗೆ ಸಾರನ್ನ ಸಿಗುತ್ತದೋ ಇಲ್ಲವೋ ಎಂಬುದೇ ಅವಳ ಚಿಂತೆ.

ನೀನು ಕಾಗದದ ನಡುವೆ ಒಣಗಿಸಿ ಕಳಿಸಿದ ಕೊಂಬೆ ತಲುಪಿತು. ‘ಮರುಭೂಮಿಯ ಪೊದೆ, ಯಾವುದೆಂದು ಗುರುತಿಸಿ’ ಎಂದಿದ್ದೆಯಲ್ಲ, ಮನೆ ಬಿಟ್ಟ ಮೇಲೆ ನೀನು ಅಪ್ಪನಿಗೆಂದು ಬರೆದ ಮೊದಲ ಸಾಲು ಅದು. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಅಪ್ಪ ಹನುಮಂತನಗರದವರೆಗೆ ನಡೆದು ಸ್ನೇಹಿತರಿಗೆಲ್ಲ ತೋರಿಸಿ ಬಂದರು. ನೀನು ಬಾಟನಿಯಲ್ಲಿ ಫೇಲಾದಾಗ ಇದೇ ಸ್ನೇಹಿತರ ಮುಂದೆ, ‘ಬಾಟನಿ ಮೇಷ್ಟ್ರ ಮಗ, ಹುರುಳಿಗೂ ಹೆಸರಿಗೂ ವ್ಯತ್ಯಾಸ ಗೊತ್ತಿಲ್ಲ’ ಎಂದು ನಿನ್ನನ್ನು ಎದುರಿಗೆ ನಿಲ್ಲಿಸಿಕೊಂಡೇ ಎಲ್ಲರನ್ನೂ ನಗಿಸಿದ್ದರು. ನೀನು ಮರೆತಿಲ್ಲವೆಂದು ಈಗ ತಿಳಿಯಿತು.

ಭೂತಗನ್ನಡಿ ಹಿಡಿದು ಅಪ್ಪ ನನಗೂ ಹೂ ತೋರಿಸಿದರು. ‘ಮೇಲೆ ಬಾವುಟ, ಪಕ್ಕಕ್ಕೆರಡು ರೆಕ್ಕೆ, ಕೆಳಗೆ ದೋಣಿ. ಅವರೆ ಕುಲವೇ ಕಣೇ ಚೂಡಿ! ಹೊಸಕೆರೆಹಳ್ಳೀಲಿ ಗೊಬ್ಬರಕ್ಕೆ ಬಿತ್ತುತ್ತಾರಲ್ಲ ಸೆಣಬು, ಅದರ ದಾಯಾದಿ.’ ಆದರೆ ಸೆಣಬಿನ ಜಾತಿಗೆ ಇಂಥ ಮುಳ್ಳೆಲ್ಲಿಂದ ಬಂತು? ವಾರವಿಡೀ ಪುಸ್ತಕ ತಿರುವಿ, ಇದು ಯಾರೂ ಕಾಣದ ಹೊಸ ಗಿಡ ಎಂದು ತೀರ್ಮಾನಿಸಿದರು. ಅದಕ್ಕೆ ನಿನ್ನ ಹೆಸರನ್ನೇ ಇಡಿಸುವುದೆಂದೂ.

ಭಾನುವಾರ ಅವರ ಹಳೆಯ ಶಿಷ್ಯ, ಈಗ ಲೆಕ್ಚರರ್ ಆಗಿರುವ ಅನಂತರಾಮು ಬಂದರು. ಸ್ನೇಹಿತರೂ ಬಂದು ಕುಳಿತರು. ಒಣಗಿದ ಹೂವನ್ನು ಬಿಡಿಸುವ ಮೊದಲು ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುತ್ತಾರಂತೆ. ಅಪ್ಪ ಕೊಂಬೆಯನ್ನು ಬಟ್ಟಲಿಗೆ ಇಳಿಸಿದರು. ಸ್ವಲ್ಪ ಹೊತ್ತಿಗೆ ಹೂಗಳು ಒಂದೊಂದಾಗಿ ಕಳಚಿ ತೇಲಿದವು. ಮುಳ್ಳುಗಳ ಬುಡದಲ್ಲಿ ನೀನು ಹಚ್ಚಿದ ಗೋಂದು ಬೆಳ್ಳಗೆ ಬಿಟ್ಟುಕೊಂಡಿತು. ‘ಸಾರ್, ಇದು ಬಾಟನಿ ಅಲ್ಲ, ಬಡಗಿ ಕೆಲಸ’ ಎಂದರು ಅನಂತರಾಮು. ಎಲ್ಲರೂ ನಕ್ಕರು. ಅವರೆಲ್ಲ ಹೋದ ಮೇಲೆ ಅಪ್ಪ ಹೂಗಳನ್ನು ಚಮಚದಲ್ಲಿ ಎತ್ತಿ ಮತ್ತೆ ಮುಳ್ಳಿಗೆ ತಾಗಿಸಿ ನೋಡುತ್ತಿದ್ದರು.

ನೀನು ಗೆದ್ದೆ ಅಣ್ಣಾ. ನೋಡುವುದಕ್ಕೆ ನೀನು ಇಲ್ಲಿರಬೇಕಿತ್ತು.

ಬಿಸಿಲಿನಲ್ಲಿ ತಲೆ ಮುಚ್ಚಿಕೊಂಡು ಓಡಾಡು. ಅಮ್ಮ ನಿನ್ನ ಹೆಸರಿನಲ್ಲಿ ದೀಪ ಹಚ್ಚುವುದನ್ನು ಬಿಟ್ಟಿಲ್ಲ, ಅವಳ ಆಶೀರ್ವಾದ.

ನಿನ್ನ ತಂಗಿ,
ಚೂಡಾಮಣಿ

ತಾ.ಕ.: ಅಪ್ಪ ಎರಡು ದಿನ ಊಟ ಮುಟ್ಟಲಿಲ್ಲ. ತಡೆಯಲಾರದೆ, ಹೂ ಅಂಟಿಸಿದ್ದು ನಾನು ಎಂದುಬಿಟ್ಟೆ. ‘ನನ್ನ ಮಗ ಅಂಥೋನಲ್ಲ ಅಂತ ಗೊತ್ತಿತ್ತು’ ಎಂದು ಆಗಲೇ ತಟ್ಟೆಯ ಮುಂದೆ ಕುಳಿತರು. ಜೂನಿಗೆ ನನ್ನನ್ನು ಎಂ.ಎ.ಗೆ ಸೇರಿಸಲು ಒಪ್ಪಿದ್ದವರು, ‘ಓದಿಸಿದ್ದು ಸಾಕು, ಗಂಡು ನೋಡಿ ಸಾಗಹಾಕ್ತೀನಿ’ ಎಂದು ಅಮ್ಮನಿಗೆ ಹೇಳಿದ್ದಾರೆ. ನೀನು ಬಂದಾಗ ನಿಜ ಹೇಳಲು ಹೋಗಬೇಡ. ಯಾಕೆ ಮಾಡಿದೆ ಎಂದು ಅವರು ನನ್ನನ್ನು ಕೇಳಲೂ ಇಲ್ಲ.